ಎರಡನೇ ಡ್ಯಾನ್ ಮಾಸ್ಟ್ರು, ಮೂರನೇ ಡ್ಯಾನ್ ಸುತ್ತೋಲೆ: ಚಿಕ್ಕಮಗಳೂರಿನ ಒಂದು ಪ್ರಕರಣ

ಚಿಕ್ಕಮಗಳೂರಿನ ಹಳೆಯ ಬಡಾವಣೆಯೊಂದರ ಬಾಡಿಗೆ ಹಾಲ್‌ನಲ್ಲಿ ಇಪ್ಪತ್ತು ವರ್ಷಕ್ಕೂ ಮೀರಿ ಶೋಟೋಕಾನ್ ಎಂಬ ಸ್ಟೈಲಿನ ಕರಾಟೆ ಕಲಿಸುತ್ತಿರುವ ಮಾಸ್ಟರ್ ಒಬ್ಬರಿಗೆ ಒಂದು ಜೂನ್‌ನಲ್ಲಿ ಸುತ್ತೋಲೆ ಬಂತು. ಕಳಿಸಿದ್ದು, ಜಿಲ್ಲೆಯಲ್ಲಿ ತಾನೇ ಅಧಿಕೃತ ಎನ್ನುವ ಒಂದು ಸಂಸ್ಥೆ. ಇನ್ನು ಮುಂದೆ ಮಾನ್ಯತೆ ಬೇಕಿದ್ದರೆ ಕರಾಟೆ ಶಾಲೆಯ ಮುಖ್ಯ ತರಬೇತುದಾರರು ಕನಿಷ್ಠ ಮೂರನೇ ಡ್ಯಾನ್ (ಬ್ಲ್ಯಾಕ್ ಬೆಲ್ಟಿನಲ್ಲಿ ಮೂರನೇ ದರ್ಜೆ) ಆಗಿರಬೇಕು, ಅದು ಸಂಸ್ಥೆ ಒಪ್ಪಿದ ಪರೀಕ್ಷಾ ಮಂಡಳಿಯಿಂದಲೇ ಬಂದಿರಬೇಕು. ಮಕ್ಕಳ ಹಳೆಯ ಬೆಲ್ಟ್ ಸರ್ಟಿಫಿಕೇಟುಗಳನ್ನೆಲ್ಲ ಮರುನೋಂದಣಿ ಮಾಡಿಸಬೇಕು. ಬ್ಲ್ಯಾಕ್ ಬೆಲ್ಟ್ ಪರೀಕ್ಷೆ ಬೆಂಗಳೂರಿನಲ್ಲಿ ಮಾತ್ರ. ಒಪ್ಪದ ಶಾಲೆಗಳ ಮಕ್ಕಳಿಗೆ ಸಂಸ್ಥೆ ನಡೆಸುವ ಜಿಲ್ಲಾ ಪಂದ್ಯಕ್ಕೆ ಎಂಟ್ರಿ ಇಲ್ಲ, ಅಲ್ಲಿಂದ ರಾಜ್ಯಮಟ್ಟಕ್ಕೂ ಇಲ್ಲ.

ಮಾಸ್ಟರ್ ಎರಡನೇ ಡ್ಯಾನ್.

ನಾನು ಇದೇ ಊರಿನ ಪದವಿಪೂರ್ವ ಕಾಲೇಜೊಂದರಲ್ಲಿ ದೈಹಿಕ ಶಿಕ್ಷಣ ಕಲಿಸಿ ನಿವೃತ್ತನಾದವನು. ಕಾಗದಪತ್ರ ಓದಿ ಹೇಳಿ ಎಂದು ಪೋಷಕರು ಕರೆದಿದ್ದರಿಂದ ಮೊದಲಿನಿಂದ ಕೊನೆಯವರೆಗೂ ಜೊತೆಯಲ್ಲಿದ್ದೆ. ಹೆಸರುಗಳನ್ನು ಬಿಟ್ಟಿದ್ದೇನೆ, ಗುರುತು ಹತ್ತುವ ಕೆಲವು ವಿವರಗಳನ್ನು ಬದಲಿಸಿದ್ದೇನೆ. ಇಂಥದ್ದೇ ಸುತ್ತೋಲೆ ಕೈಗೆ ಬಂದಿರುವ ಬೇರೆ ಊರಿನ ಕ್ಲಾಸುಗಳಿಗೆ, ಬೆಲ್ಟ್ ಎಂದರೇನು ಎಂದು ತಿಳಿಯದೆ ದುಡ್ಡು ಕಟ್ಟುತ್ತಿರುವ ತಂದೆತಾಯಿಗಳಿಗೆ ಇದು ಉಪಯೋಗವಾಗಲಿ ಎಂದು ಬರೆದಿಟ್ಟಿದ್ದೇನೆ.

ಒಳಗಿನ ಕಥೆ

ಕ್ಲಾಸಿನಲ್ಲಿ ಆಗ 64 ಮಕ್ಕಳು. ತಿಂಗಳ ಫೀಸು 400 ರೂಪಾಯಿ, ಅದನ್ನೂ ಕೊಡಲಾಗದ ಮಕ್ಕಳಿಂದ ಮಾಸ್ಟರ್ ಕೇಳುತ್ತಿರಲಿಲ್ಲ. ಸುತ್ತೋಲೆಯ ಪ್ರಕಾರ ಶಾಲೆಯ ಮಾನ್ಯತೆಗೆ 6,000, ಮಗುವಿಗೆ ತಲಾ 300. ಎರಡನ್ನೂ ಸೇರಿಸಿದರೆ 25,200 ರೂಪಾಯಿ, ಹಾಲ್ ಬಾಡಿಗೆ ಕಟ್ಟುವ ಮೊದಲೇ ಕ್ಲಾಸಿನ ಒಂದು ತಿಂಗಳ ವಸೂಲಿಯನ್ನು ಪೂರ್ತಿ ನುಂಗುವ ಮೊತ್ತ. ಮಾಸ್ಟರ್ ಮೂರನೇ ಡ್ಯಾನ್ ಪಡೆಯಲು ಇನ್ನೊಂದು ದಾರಿಯನ್ನೂ ಅದೇ ಕಾಗದದಲ್ಲಿ ಕೊಟ್ಟಿದ್ದರು: ಒಂದು ದಿನದ ಸೆಮಿನಾರಿನಲ್ಲಿ ಕೂತು 15,000 ಕಟ್ಟಿದರೆ ಹಳೆಯ ಡ್ಯಾನ್ ಹೊಸ ಮಂಡಳಿಯ ಮೂರನೇ ಡ್ಯಾನ್ ಆಗಿ ಬದಲಾಗುತ್ತದೆ. ಪರೀಕ್ಷೆಯ ಮಾತೇ ಇರಲಿಲ್ಲ.

ನನ್ನ ಲೆಕ್ಕದಲ್ಲಿ ಇಡೀ ಪ್ರಕರಣದ ಕೀಲಿ ಈ ಒಂದು ಸಾಲಿನಲ್ಲಿತ್ತು. ಗುಣಮಟ್ಟಕ್ಕಾಗಿ ನಿಯಮ ತರುತ್ತೇವೆ ಎನ್ನುವವರು ಅದೇ ನಿಯಮವನ್ನು ದಾಟಲು ಪರೀಕ್ಷೆಯಿಲ್ಲದ ದಾರಿಯನ್ನು ಪಕ್ಕದಲ್ಲೇ ಇಟ್ಟರೆ, ಅಲ್ಲಿ ಅಳೆಯುತ್ತಿರುವುದು ಕರಾಟೆಯನ್ನಲ್ಲ.

ಮಾಸ್ಟರ್ ಹೇಳಿದ್ದು ಇಷ್ಟೇ: "ಸಾರ್, ನನಗೆ ಮೂರನೇ ಡ್ಯಾನ್ ಬೇಡ ಅಂತಲ್ಲ. ಪರೀಕ್ಷೆ ಇಡ್ಲಿ, ನಾಳೇನೇ ಹೋಗಿ ನಿಲ್ತೀನಿ. ದುಡ್ಡು ಕಟ್ಟಿ ಕಾಗದ ತಗೊಂಡ್ಹೋಗಿ ಅಂತಾರಲ್ಲ, ಅದು ನನ್ನ ಕೈಲಿ ಆಗಲ್ಲ. ಮಕ್ಕಳ ಮುಂದೆ ಆ ಬೆಲ್ಟ್ ಕಟ್ಕೊಂಡು ಹೆಂಗೆ ನಿಲ್ಲಲಿ?"

ಸುತ್ತೋಲೆಗೆ ಮೂರು ತಿಂಗಳ ಮೊದಲು ಸಂಸ್ಥೆಯ ವಾರ್ಷಿಕ ಸಭೆ ನಡೆದಿತ್ತು. ಹಿಂದಿನ ಎರಡು ವರ್ಷದ ಪಂದ್ಯಾವಳಿಗಳ ಎಂಟ್ರಿ ಫೀಸಿನ ಲೆಕ್ಕ ಎಲ್ಲಿ ಎಂದು ಮಾಸ್ಟರ್ ಎದ್ದು ನಿಂತು ಕೇಳಿದ್ದರು. ಮುಂದಿನ ಸಭೆಯಲ್ಲಿ ಕೊಡುತ್ತೇವೆ ಎಂಬ ಉತ್ತರ ಬಂದಿತ್ತು. ಕಾರ್ಯದರ್ಶಿ ಒಂದು ಕಾಲದಲ್ಲಿ ಇದೇ ಮಾಸ್ಟರ್ ಹತ್ತಿರ ಬಿಳಿ ಬೆಲ್ಟ್ ಕಟ್ಟಿಕೊಂಡು ಕಲಿತವರು. ಆಮೇಲೆ ಬೇರೆ ಸ್ಟೈಲಿಗೆ ಹೋಗಿ, ಬೆಂಗಳೂರಿನವರ ಒಡನಾಟದಲ್ಲಿ ನಾಲ್ಕನೇ ಡ್ಯಾನ್‌ವರೆಗೆ ಏರಿದ್ದರು. ಮೊದಲೆಲ್ಲ "ಅಣ್ಣ" ಎನ್ನುತ್ತಿದ್ದವರು ಆ ಸಭೆಯ ನಂತರ "ಮಾಸ್ಟರ್" ಎಂದು ಕರೆಯತೊಡಗಿದರು. ಸುತ್ತೋಲೆಗೂ ಆ ಪ್ರಶ್ನೆಗೂ ಸಂಬಂಧವಿದೆ ಎಂದು ನಾನು ಸಾಬೀತು ಮಾಡಲಾರೆ. ಆದರೆ ಜಿಲ್ಲೆಯಲ್ಲಿ ಎರಡನೇ ಡ್ಯಾನ್ ಮೇಲೆ ಹೋಗದೆ ಉಳಿದ ಹಳಬರು ಯಾರು ಯಾರು ಎಂದು ಪಟ್ಟಿ ಮಾಡಿದಾಗ, ಅಂದು ಲೆಕ್ಕ ಕೇಳಿದವರೂ ಅದಕ್ಕೆ ದನಿಗೂಡಿಸಿದವರೂ ಎಲ್ಲ ಅದರಲ್ಲಿದ್ದರು.

ಮಾಸ್ಟರ್ ಎರಡನೇ ಡ್ಯಾನ್‌ನಲ್ಲೇ ನಿಂತದ್ದಕ್ಕೂ ಕಾರಣವಿತ್ತು. ಅವರ ಗುರುಗಳು ತೀರಿಕೊಂಡ ಮೇಲೆ ಆ ಗುರುಗಳ ಸಂಘಟನೆ ಎರಡಾಯಿತು. ಇಬ್ಬರು ಹಿರಿಯ ಶಿಷ್ಯರು, ಇಬ್ಬರದ್ದೂ "ಸ್ಟೈಲ್ ಚೀಫ್ ನಾನೇ" ಎಂಬ ಮಾತು. ಒಬ್ಬರಿಂದ ಮೂರನೇ ಡ್ಯಾನ್ ತಗೊಂಡರೆ ಇನ್ನೊಬ್ಬರ ಜೊತೆ ಸಂಬಂಧ ಕಡಿಯುತ್ತದೆ. ಇವರು ಯಾರ ಹತ್ತಿರವೂ ಹೋಗಲಿಲ್ಲ, ಕಲಿಸುವುದನ್ನು ಮುಂದುವರಿಸಿದರು. ಇಂಥ ಮಾಸ್ಟರುಗಳು ಮಲೆನಾಡಿನ ಊರೂರಲ್ಲೂ ಇದ್ದಾರೆ.

ಡ್ಯಾನ್ ಬಂದ ದಾರಿ

ಪೋಷಕರ ಸಭೆಯಲ್ಲಿ ಮತ್ತೆ ಮತ್ತೆ ಬಂದ ಪ್ರಶ್ನೆ ಒಂದೇ: "ನಮ್ಮ ಮಕ್ಕಳ ಬೆಲ್ಟ್ ಅಸಲಿಯೋ ಅಲ್ಲವೋ?" ಇದಕ್ಕೆ ಉತ್ತರ ಬೇಕಾದರೆ ಜಪಾನಿನ ಚರಿತ್ರೆಯನ್ನು ಸ್ವಲ್ಪ ನೋಡಲೇಬೇಕು.

ಕೈಕಾಲಿನ ಕಲೆಗೆ ಡ್ಯಾನ್ ದರ್ಜೆ ತಂದವರು ಜೂಡೋ ಕಟ್ಟಿದ ಕಾನೋ ಜಿಗೋರೋ. 1882ರಲ್ಲಿ ಕೋಡೋಕಾನ್ ಶುರುಮಾಡಿ, ಮರುವರ್ಷ ತಮ್ಮ ಇಬ್ಬರು ಶಿಷ್ಯರಿಗೆ ಮೊದಲ ಡ್ಯಾನ್ ಕೊಟ್ಟರು. ಕರಾಟೆಯ ತವರಾದ ಒಕಿನಾವಾದಲ್ಲಿ ಆಗ ಬೆಲ್ಟೂ ಇರಲಿಲ್ಲ, ಡ್ಯಾನೂ ಇರಲಿಲ್ಲ. ಗುರು ಯಾರು, ಎಷ್ಟು ವರ್ಷ ಕಲಿತೆ, ಯಾವ ಕಟಾ (ಒಬ್ಬರೇ ಮಾಡುವ, ಕ್ರಮ ಗೊತ್ತುಮಾಡಿದ ಪಟ್ಟುಗಳ ಸರಣಿ) ಗೊತ್ತು, ಇಷ್ಟೇ. 1922ರಲ್ಲಿ ಫುನಾಕೋಶಿ ಗಿಚಿನ್ ಒಕಿನಾವಾದಿಂದ ಟೋಕಿಯೋಗೆ ಬಂದು ಕರಾಟೆ ತೋರಿಸಿದರು. ಕಾನೋ ಅವರಿಂದಲೇ ಡ್ಯಾನ್ ಪದ್ಧತಿಯನ್ನು ತೆಗೆದುಕೊಂಡು 1924ರಲ್ಲಿ ತಮ್ಮ ಶಿಷ್ಯರಿಗೆ ಮೊದಲ ಡ್ಯಾನ್‌ಗಳನ್ನು ಕೊಟ್ಟರು. ಕೊಟ್ಟ ಫುನಾಕೋಶಿಗೆ ಅವರ ಒಕಿನಾವಾದ ಗುರುಗಳಿಂದ ಬಂದ ಡ್ಯಾನ್ ಒಂದೂ ಇರಲಿಲ್ಲ. ಶೋಟೋಕಾನ್‌ನ ಎಲ್ಲ ಬ್ಲ್ಯಾಕ್ ಬೆಲ್ಟುಗಳೂ ಆ ಒಬ್ಬ ದರ್ಜೆಯಿಲ್ಲದ ಗುರುವಿನಿಂದ ಇಳಿದು ಬಂದವು ಎಂದು ಹೇಳಿದಾಗ ಸಭೆಯಲ್ಲಿ ಕೂತಿದ್ದ ಒಬ್ಬ ತಾಯಿ, "ಹಂಗಾದ್ರೆ ನಮ್ಮ ಮಾಸ್ಟ್ರನ್ನ ಯಾಕೆ ಕೇಳ್ತಾ ಇದಾರೆ?" ಎಂದರು.

ಯಾಕೆಂದರೆ ನಡುವೆ ಸಂಸ್ಥೆಗಳು ಬಂದವು. 1895ರಲ್ಲಿ ಕ್ಯೋಟೋದಲ್ಲಿ ಹುಟ್ಟಿದ ದಾಯಿ ನಿಪ್ಪೋನ್ ಬುತೋಕುಕಾಯಿ ಜಪಾನಿನ ಯುದ್ಧಕಲೆಗಳಿಗೆಲ್ಲ ಮೇಲಿನ ಸಂಸ್ಥೆಯಾಗಿತ್ತು. 1933ರಲ್ಲಿ ಅದು ಕರಾಟೆಯನ್ನೂ ಒಳಗೆ ಸೇರಿಸಿಕೊಂಡಿತು. ಒಳಗೆ ಬಂದ ಮೇಲೆ ಏಕರೂಪದ ಉಡುಪು, ದರ್ಜೆ, ಬಿರುದು ಎಲ್ಲದಕ್ಕೂ ಹೊಂದಿಕೊಳ್ಳಬೇಕಾಯಿತು. ಯುದ್ಧದಲ್ಲಿ ಜಪಾನ್ ಸೋತು, 1946ರಲ್ಲಿ ಆ ಸಂಸ್ಥೆಯೇ ವಿಸರ್ಜನೆಯಾಯಿತು. ಡ್ಯಾನ್ ಉಳಿಯಿತು, ಅದನ್ನು ಎಲ್ಲರ ಪರವಾಗಿ ಕೊಡುವವರು ಉಳಿಯಲಿಲ್ಲ. ಪ್ರತಿ ಸ್ಟೈಲೂ ಪ್ರತಿ ಗುಂಪೂ ತನ್ನ ಡ್ಯಾನ್ ತಾನೇ ಕೊಟ್ಟುಕೊಂಡಿತು. ಇವತ್ತಿನ ಗೊಂದಲದ ಬೇರು ನನ್ನ ಮಟ್ಟಿಗೆ ಇಲ್ಲಿದೆ.

ಫುನಾಕೋಶಿ 1957ರಲ್ಲಿ ತೀರಿಕೊಂಡಾಗ ಅವರ ಅಂತ್ಯಸಂಸ್ಕಾರವನ್ನು ಯಾರು ನಡೆಸಬೇಕೆಂಬುದರಲ್ಲೇ ಶಿಷ್ಯರು ಎರಡಾದರು. ಅವರಲ್ಲಿ ಒಂದು ಗುಂಪಾದ ಜಪಾನ್ ಕರಾಟೆ ಅಸೋಸಿಯೇಷನ್ನಿನ ಮುಖ್ಯ ಶಿಕ್ಷಕ ನಾಕಾಯಾಮಾ ಮಾಸಾತೋಶಿ 1987ರಲ್ಲಿ ತೀರಿಕೊಂಡ ಮೇಲೆ ಆ ಅಸೋಸಿಯೇಷನ್ ಹೆಸರು ಯಾರಿಗೆ ಸೇರಬೇಕೆಂಬ ಜಗಳ ಜಪಾನಿನ ಸುಪ್ರೀಂ ಕೋರ್ಟಿನಲ್ಲಿ ಮುಗಿದದ್ದು 1999ರಲ್ಲಿ. ನಮ್ಮ ಮಾಸ್ಟರ್ ಗುರುಗಳು ಹೋದ ಮೇಲೆ ಇಬ್ಬರು ಚೀಫ್‌ಗಳು ಹುಟ್ಟಿಕೊಂಡದ್ದಕ್ಕೆ ಊರಿನವರ ಸಣ್ಣತನವೊಂದನ್ನೇ ದೂರಿ ಫಲವಿಲ್ಲ.

ನಮ್ಮ ದೇಶದಲ್ಲಿ ಇದಕ್ಕೆ ಇನ್ನೊಂದು ಪದರ ಸೇರಿದೆ. 2011ರ ರಾಷ್ಟ್ರೀಯ ಕ್ರೀಡಾ ಸಂಹಿತೆಯ ಪ್ರಕಾರ ಒಂದು ಕ್ರೀಡೆಗೆ ಒಂದೇ ರಾಷ್ಟ್ರೀಯ ಫೆಡರೇಷನ್. ಕರಾಟೆಯಲ್ಲಿ ಆ ಒಂದು ಯಾವುದು ಎಂಬ ಜಗಳ ನಿಂತೇ ಇಲ್ಲ. 2020ರಲ್ಲಿ ಅಲ್ಲಿಯವರೆಗೆ ಭಾರತವನ್ನು ಪ್ರತಿನಿಧಿಸುತ್ತಿದ್ದ ಸಂಸ್ಥೆಯ ಮಾನ್ಯತೆಯನ್ನು ವಿಶ್ವ ಕರಾಟೆ ಫೆಡರೇಷನ್ ಹಿಂತೆಗೆದುಕೊಂಡಿತು. ದೆಹಲಿಯಲ್ಲಿ ಹೀಗಾದಾಗ ರಾಜ್ಯದಲ್ಲಿ ಎರಡು ಗುಂಪು, ಜಿಲ್ಲೆಯಲ್ಲಿ ಎರಡು ಗುಂಪು. ನಮ್ಮ ಮಕ್ಕಳ ಕೈಯಲ್ಲಿ ನಿನ್ನೆ ಪಡೆದ ಸರ್ಟಿಫಿಕೇಟು, ಅದರ ಮೇಲೆ ಇವತ್ತು ಇಲ್ಲದ ಸಂಸ್ಥೆಯ ಮೊಹರು. 2025ರಲ್ಲಿ ಸಂಸತ್ತು ರಾಷ್ಟ್ರೀಯ ಕ್ರೀಡಾ ಆಡಳಿತ ಕಾಯ್ದೆಯನ್ನು ಅಂಗೀಕರಿಸಿದೆ. ಫೆಡರೇಷನ್‌ಗಳಿಗೆ ಮಾನ್ಯತೆ ಕೊಡಲು ರಾಷ್ಟ್ರೀಯ ಕ್ರೀಡಾ ಮಂಡಳಿ, ವ್ಯಾಜ್ಯಗಳಿಗೆ ನ್ಯಾಯಮಂಡಳಿ ಅದರಲ್ಲಿವೆ. ಅದು ಜಿಲ್ಲೆಯವರೆಗೆ ಇಳಿದು ಬರುವುದಕ್ಕೆ ನಾನು ಆಸೆಯಿಂದ ಕಾಯುತ್ತಿದ್ದೇನೆ.

ನಮ್ಮ ಹಳೇ ಮೈಸೂರು ಸೀಮೆಯ ಗರಡಿಮನೆಗಳಲ್ಲಿ ಈ ತೊಂದರೆ ಬೇರೆ ಥರ ಬಗೆಹರಿಯುತ್ತಿತ್ತು. ಉಸ್ತಾದ್ ಯಾರು ಎಂದು ಊರಿಗೆ ಗೊತ್ತು. ಜೋಡಿ ಕಟ್ಟುವಾಗ ಪೈಲ್ವಾನನ ತೂಕ, ಅವನು ಹಿಂದೆ ಯಾರನ್ನು ಚಿತ್ ಮಾಡಿದ್ದ ಎನ್ನುವುದನ್ನು ನೋಡುತ್ತಿದ್ದರು. ಅಲ್ಲಿಯೂ ರಾಜಕೀಯ ಇತ್ತು, ಇಲ್ಲವೆನ್ನುವುದಿಲ್ಲ. ಆದರೆ ಮಣ್ಣಿಗೆ ಇಳಿದ ಮೇಲೆ ಕಾಗದ ಕೇಳುವವರು ಯಾರೂ ಇರಲಿಲ್ಲ.

ಸಂಸ್ಥೆಯ ವಾದದಲ್ಲಿ ಹುರುಳಿಲ್ಲವೇ?

ಇದೆ. ಕಾರ್ಯದರ್ಶಿಯ ಜೊತೆ ನಾನು ಕೂತು ಮಾತಾಡಿದೆ. "ಸಾರ್, ಆರು ತಿಂಗಳು ಕಲಿತವನೂ ಯಾವುದೋ ಸಂಸ್ಥೆಯಿಂದ ಐದನೇ ಡ್ಯಾನ್ ತರಿಸಿಕೊಂಡು ಬೋರ್ಡ್ ಹಾಕ್ತಾನೆ. ಮಕ್ಕಳಿಗೆ ಏಟಾದರೆ ಹೆಸರು ಕೆಡೋದು ಎಲ್ಲರದ್ದೂ," ಎಂದರು. ಸುಳ್ಳಲ್ಲ. ಕಲಿಸುವವರಿಗೆ ಒಂದು ಕನಿಷ್ಠ ಅರ್ಹತೆ ಬೇಕೇ ಬೇಕು. ಕೊರಿಯಾದ ಟೇಕ್ವಾಂಡೋದಲ್ಲಿ 1972ರಲ್ಲಿ ಸೋಲ್‌ನಲ್ಲಿ ತೆರೆದ ಕುಕ್ಕಿವೋನ್ ಎಂಬ ಕೇಂದ್ರ ಕೊಡುವ ಡ್ಯಾನ್ ಜಗತ್ತಿನಾದ್ಯಂತ ನಡೆಯುತ್ತದೆ, ವರ್ಲ್ಡ್ ಟೇಕ್ವಾಂಡೋ ಪಂದ್ಯಗಳಿಗೆ ಹೋಗುವವರಿಗೆ ಅದು ಬೇಕು. ಅಂಥ ಒಂದೇ ದಾಖಲೆ ಕರಾಟೆಗೆ ಇಲ್ಲದಿರುವುದು ನಷ್ಟವೇ. ಟೇಕ್ವಾಂಡೋದವರೂ ಜಗಳದಿಂದ ಪಾರಾಗಿಲ್ಲ ಎನ್ನುವುದು ಬೇರೆ ಮಾತು. 1966ರಲ್ಲಿ ಜನರಲ್ ಚೋಯಿ ಹಾಂಗ್ ಹಿ ಕಟ್ಟಿದ ಇನ್ನೊಂದು ಫೆಡರೇಷನ್ ಅವರು ತೀರಿಕೊಂಡ ಮೇಲೆ ತಾನೇ ಒಡೆದುಹೋಯಿತು.

ಆದರೆ ಮಕ್ಕಳ ಸುರಕ್ಷೆಯೇ ಉದ್ದೇಶವಾಗಿದ್ದರೆ ಸುತ್ತೋಲೆಯಲ್ಲಿ ಪ್ರಥಮ ಚಿಕಿತ್ಸೆಯ ತರಬೇತಿ ಕೇಳಬೇಕಿತ್ತು. ತರಬೇತುದಾರರ ಪೊಲೀಸ್ ಪರಿಶೀಲನೆ ಕೇಳಬೇಕಿತ್ತು. 2012ರ ಪೋಕ್ಸೋ ಕಾಯ್ದೆ ಗೊತ್ತಿದೆಯೇ, ಹುಡುಗಿಯರ ಬ್ಯಾಚಿಗೆ ಹೆಂಗಸರೊಬ್ಬರು ಇರುತ್ತಾರೆಯೇ ಎಂದು ಕೇಳಬೇಕಿತ್ತು. ಒಂದೂ ಇರಲಿಲ್ಲ. ಇದ್ದದ್ದು ಡ್ಯಾನ್ ಸಂಖ್ಯೆ, ಬ್ಯಾಂಕ್ ಖಾತೆ ಸಂಖ್ಯೆ.

ಒಂದು ಬೆಲ್ಟಿಗೆ ಮೂರು ಬೇರೆ ಬೇರೆ ವಿಷಯಗಳನ್ನು ಕಟ್ಟಿಬಿಟ್ಟಿದ್ದೇವೆ ಎಂದು ನನಗೆ ಸ್ಪಷ್ಟವಾದದ್ದು ಆ ಮಾತುಕತೆಯಲ್ಲಿ. ಈ ಮನುಷ್ಯನಿಗೆ ವಿದ್ಯೆ ಎಷ್ಟು ಬರುತ್ತದೆ ಎಂಬುದು ಒಂದು. ಇವನು ಯಾರ ಕಡೆಯವನು ಎಂಬುದು ಇನ್ನೊಂದು. ಇವನ ಮಕ್ಕಳಿಗೆ ಪಂದ್ಯಕ್ಕೆ ಎಂಟ್ರಿ ಇದೆಯೇ ಎಂಬುದು ಮೂರನೆಯದು. ಮೊದಲನೆಯದನ್ನು ಅಳೆಯುತ್ತೇವೆಂದು ಹೇಳಿ ಎರಡನೆಯದನ್ನು ಅಳೆದು, ಮೂರನೆಯದನ್ನು ತಡೆಹಿಡಿಯುವುದು ಸಂಸ್ಥಾ ರಾಜಕೀಯದ ಸಾಮಾನ್ಯ ವಿಧಾನ. ಹಾಗಾಗಿ ನಾವು ಈ ಮೂರನ್ನೂ ಬಿಡಿಸಿ, ಒಂದೊಂದಕ್ಕೂ ಬೇರೆ ಬೇರೆ ದಾರಿ ಹುಡುಕಿದೆವು.

ಎಂಟ್ರಿ

ತುರ್ತು ಇದ್ದದ್ದು ಇಲ್ಲಿ. ಕ್ಲಾಸಿನಲ್ಲಿ ಒಬ್ಬ ಹುಡುಗಿ, ಸೆಕೆಂಡ್ ಪಿಯುಸಿ ವಿಜ್ಞಾನ, ಬ್ಲ್ಯಾಕ್ ಬೆಲ್ಟಿಗಿಂತ ಕೆಳಗಿನ ಬ್ರೌನ್ ಬೆಲ್ಟ್. ತಂದೆ ಆಲ್ದೂರು ಕಡೆಯ ಕಾಫಿ ಎಸ್ಟೇಟೊಂದರಲ್ಲಿ ರೈಟರ್ (ಗುಮಾಸ್ತ). ಕಾಲೇಜು ಬಿಟ್ಟ ಮೇಲೆ ಕ್ಲಾಸು, ಕ್ಲಾಸು ಮುಗಿಸಿ ಬಸ್ಸು. ಸಿಇಟಿಯಲ್ಲಿ ಕ್ರೀಡಾ ಕೋಟಾ ಸಿಗಬಹುದೆಂಬ ಆಸೆ ಮನೆಯವರಿಗೆ. ಬ್ಲ್ಯಾಕ್ ಬೆಲ್ಟ್ ಆಗದಿದ್ದರೆ ಕೋಟಾ ಹೋಯಿತು ಎಂದು ಯಾರೋ ಹೇಳಿ ತಂದೆ ಕಂಗಾಲಾಗಿದ್ದರು. ಸಾಲ ಮಾಡಿಯಾದರೂ ಬೆಂಗಳೂರಿನ ಪರೀಕ್ಷೆಗೆ ಕಳಿಸುತ್ತೇನೆ ಎಂದರು.

ಅವರಿಗೆ ನಾನು ಹೇಳಿದ್ದು: ಕ್ರೀಡಾ ಕೋಟಾದಲ್ಲಿ ನೋಡುವುದು ಯಾವ ಮಟ್ಟದ ಪಂದ್ಯ, ನಡೆಸಿದ್ದು ಯಾರು, ಬಂದ ಸ್ಥಾನ ಯಾವುದು ಎಂದು. ಬೆಲ್ಟಿನ ಬಣ್ಣಕ್ಕೆ ಅಲ್ಲಿ ಅಂಕವಿಲ್ಲ. ಪಂದ್ಯಕ್ಕೆ ಹೋಗಲು ಖಾಸಗಿ ಸಂಸ್ಥೆಯ ಬಾಗಿಲೊಂದೇ ಇರುವುದೂ ಅಲ್ಲ. ಪದವಿಪೂರ್ವ ಕಾಲೇಜುಗಳ ಕ್ರೀಡಾಕೂಟ ತಾಲ್ಲೂಕು, ಜಿಲ್ಲೆ, ರಾಜ್ಯ ಎಂದು ಇಲಾಖೆಯಿಂದಲೇ ನಡೆಯುತ್ತದೆ, ಅಲ್ಲಿಂದ ಸ್ಕೂಲ್ ಗೇಮ್ಸ್ ಫೆಡರೇಷನ್‌ನ 19 ವರ್ಷದೊಳಗಿನ ರಾಷ್ಟ್ರೀಯ ಪಂದ್ಯಕ್ಕೆ ದಾರಿ. ಕರಾಟೆ ಅದರಲ್ಲಿದೆ. ಎಂಟ್ರಿ ಕಳಿಸುವವರು ಪ್ರಾಂಶುಪಾಲರು. ಬೇಕಾದದ್ದು ಕಾಲೇಜಿನ ದೃಢೀಕರಣ, ವಯಸ್ಸಿನ ದಾಖಲೆ.

ಅಲ್ಲಿಯೂ ಒಂದು ಅಂಜಿಕೆ ಇತ್ತು. ಜಿಲ್ಲಾ ಮಟ್ಟದಲ್ಲಿ ತೀರ್ಪುಗಾರರಾಗಿ ಇಲಾಖೆ ಕರೆಯುವುದು ಸಂಸ್ಥೆಯವರನ್ನೇ. ಕಾರ್ಯದರ್ಶಿ ಅಂದು ಮೇಜಿನ ಹಿಂದೆ ಕೂತಿದ್ದರು. ಆದರೆ ಅಂತರರಾಷ್ಟ್ರೀಯ ನಿಯಮವನ್ನೇ ಅನುಸರಿಸಿದ್ದರಿಂದ ಕುಮಿತೆಗೆ (ಇಬ್ಬರು ಎದುರುಬದುರಾಗಿ ಕಾದಾಡುವ ಪಂದ್ಯಕ್ಕೆ) ಇಳಿದ ಹುಡುಗಿಯರಲ್ಲಿ ಒಬ್ಬಳಿಗೆ ಕೆಂಪು ಬೆಲ್ಟು, ಎದುರಾಳಿಗೆ ನೀಲಿ. ಯಾರು ಬ್ರೌನ್, ಯಾರು ಬ್ಲ್ಯಾಕ್ ಎಂದು ನೋಡುವವರಿಗೆ ಗೊತ್ತಾಗುವುದಿಲ್ಲ. ನಮ್ಮ ಹುಡುಗಿ ಫೈನಲ್ ಗೆದ್ದಳು. ಕಾರ್ಯದರ್ಶಿ ಬಾವುಟ ಎತ್ತುವವರಿಗೆ ಅಡ್ಡ ಬರಲಿಲ್ಲ, ಅದನ್ನು ಹೇಳಲೇಬೇಕು. ರಾಜ್ಯಮಟ್ಟದಲ್ಲಿ ಎರಡನೇ ಸುತ್ತಿನಲ್ಲಿ ಬೆಳಗಾವಿ ಕಡೆಯ ಹುಡುಗಿಗೆ ಸೋತಳು. ಗೆದ್ದವಳು ಸ್ಪಷ್ಟವಾಗಿ ಮೇಲಿದ್ದಳು.

ಬೈಲಾ

ಸಂಸ್ಥೆ ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆ, 1960ರ ಅಡಿ ನೋಂದಣಿಯಾದದ್ದು. ಅಂದರೆ ಅದರ ಬೈಲಾ (ನಿಯಮಾವಳಿ) ಜಿಲ್ಲಾ ನೋಂದಣಾಧಿಕಾರಿಗಳ ಕಚೇರಿಯಲ್ಲಿ ಇರುತ್ತದೆ, ಶುಲ್ಕ ಕಟ್ಟಿ ದೃಢೀಕೃತ ಪ್ರತಿ ಪಡೆಯಬಹುದು. ಮಾಸ್ಟರ್ ಸದಸ್ಯರಾಗಿ ಅರ್ಜಿ ಕೊಟ್ಟರು. ಪ್ರತಿ ಕೈಗೆ ಬಂದಾಗ ಸದಸ್ಯತ್ವದ ಕಲಮನ್ನು ನಾನು ಎರಡು ಸಲ ಓದಿದೆ. ಬ್ಲ್ಯಾಕ್ ಬೆಲ್ಟ್ ಪಡೆದು ಕಲಿಸುತ್ತಿರುವ ಯಾವುದೇ ತರಬೇತುದಾರರು ಎಂದಷ್ಟೇ ಇತ್ತು. ಮೂರನೇ ಡ್ಯಾನ್ ಎಲ್ಲಿಯೂ ಇಲ್ಲ. ನಿಯಮ ಬದಲಾಯಿಸಬೇಕಾದರೆ ಸರ್ವಸದಸ್ಯರ ಸಭೆಯಲ್ಲಿ ಪಾಸಾಗಿ, ತಿದ್ದುಪಡಿ ನೋಂದಣಾಧಿಕಾರಿಗೆ ಸಲ್ಲಿಕೆಯಾಗಬೇಕು. ಅಂಥ ಸಭೆಯೂ ಆಗಿರಲಿಲ್ಲ, ಸಲ್ಲಿಕೆಯೂ ಆಗಿರಲಿಲ್ಲ. ಊರನ್ನೆಲ್ಲ ನಡುಗಿಸಿದ ನಿಯಮ ಒಂದು ಲೆಟರ್‌ಹೆಡ್ಡಿನ ಮೇಲಿತ್ತು ಅಷ್ಟೆ.

ಸಂಸ್ಥೆಯ ಸದಸ್ಯರು 14. ಕಾಯ್ದೆಯ 25ನೇ ಕಲಮಿನ ಪ್ರಕಾರ ಮೂರನೇ ಒಂದಕ್ಕೆ ಕಡಿಮೆಯಿಲ್ಲದಷ್ಟು ಸದಸ್ಯರು ಕೇಳಿದರೆ ನೋಂದಣಾಧಿಕಾರಿ ವಿಚಾರಣೆ ನಡೆಸಬೇಕು. ಐವರು ಸಾಕು. ತರೀಕೆರೆ, ಕಡೂರು, ಮೂಡಿಗೆರೆಯ ತಲಾ ಒಬ್ಬರು, ಊರಿನ ಇನ್ನೊಬ್ಬರು, ನಮ್ಮ ಮಾಸ್ಟರ್. ತರೀಕೆರೆಯವರು ಬೇರೆ ಸ್ಟೈಲು, ನಮ್ಮ ಮಾಸ್ಟರ್ ಜೊತೆ ಹಳೆಯ ಮನಸ್ತಾಪವೂ ಇತ್ತು, ಆದರೂ ಸಹಿ ಹಾಕಿದರು. ನೇರ ವಿಚಾರಣೆಗೆ ಹೋಗದೆ ಮೊದಲು ಸಂಸ್ಥೆಗೇ ಪತ್ರ ಕೊಡೋಣ ಎಂದು ನಾನು ಒತ್ತಾಯಿಸಿದೆ. ವಿಚಾರಣೆ ಶುರುವಾದರೆ ವರ್ಷಗಟ್ಟಲೆ ಎಳೆಯುತ್ತದೆ, ಅಷ್ಟರಲ್ಲಿ ಮಕ್ಕಳ ವಯಸ್ಸಿನ ಗುಂಪು ದಾಟಿಹೋಗುತ್ತದೆ. ಪತ್ರದಲ್ಲಿ ಎರಡೇ ಬೇಡಿಕೆ: ಸುತ್ತೋಲೆ ಹಿಂತೆಗೆದುಕೊಳ್ಳಿ, ಎರಡು ವರ್ಷದ ಲೆಕ್ಕ ಕೊಡಿ. ಯಾರ ಮೇಲೂ ಆರೋಪ ಬರೆಯಲಿಲ್ಲ.

ವಿದ್ಯೆ

ಉಳಿದದ್ದು ಮಕ್ಕಳ ಬ್ಲ್ಯಾಕ್ ಬೆಲ್ಟ್. ಮಾಸ್ಟರ್ ತಾವೇ ಪರೀಕ್ಷೆ ಮಾಡಿ ಕೊಡಬಹುದಿತ್ತು, ಬಹಳ ಕ್ಲಾಸುಗಳಲ್ಲಿ ಹಾಗೇ ನಡೆಯುತ್ತದೆ. ಅವರು ಒಪ್ಪಲಿಲ್ಲ. ನವೆಂಬರಿನ ಒಂದು ಭಾನುವಾರ ಹೊರಗಿನಿಂದ ಇಬ್ಬರನ್ನು ಕರೆಸಿದರು. ಶಿವಮೊಗ್ಗದ ಹಿರಿಯ ಶೋಟೋಕಾನ್ ಶಿಕ್ಷಕರೊಬ್ಬರು, ಒಡೆದ ಎರಡು ಬಣಗಳಲ್ಲಿ ಯಾವುದಕ್ಕೂ ಸೇರದವರು. ಹಾಸನದಿಂದ, ಕರಾಟೆಯ ಇನ್ನೊಂದು ಸ್ಟೈಲಾದ ಶಿತೋ ರ್‍ಯೂ ಕಲಿಸುವ ಒಬ್ಬ ಮೇಡಂ. ಮಾಸ್ಟರ್ ಗೋಡೆಗೆ ಒರಗಿ ನಿಂತರು, ಅಂಕ ಹಾಕುವ ಮೇಜಿನ ಹತ್ತಿರ ಸುಳಿಯಲಿಲ್ಲ.

ನಾಲ್ವರು ಪರೀಕ್ಷೆಗೆ ನಿಂತರು. ಕಿಹೋನ್ (ಮೂಲ ಪಟ್ಟುಗಳು), ಆಮೇಲೆ ಐದು ಹೇಯಾನ್ ಕಟಾಗಳಲ್ಲಿ ಪರೀಕ್ಷಕರು ಕೂಗಿದ್ದು, ನಂತರ ಬಸ್ಸಾಯ್ ದಾಯ್ ಎಂಬ ಕಟಾ, ಕೊನೆಗೆ ಜಿಯು ಕುಮಿತೆ (ಮುಕ್ತ ಕಾದಾಟ). ಹಾಸನದ ಮೇಡಂ ಕಟಾ ಮಧ್ಯೆ ನಿಲ್ಲಿಸಿ, "ಈ ಬ್ಲಾಕ್ ಯಾಕಮ್ಮ ಇಲ್ಲಿ? ಎದುರಿನವನು ಎಲ್ಲಿದ್ದಾನೆ ತೋರಿಸು," ಎಂದು ಕೇಳಿದರು. ಮಕ್ಕಳು ತಬ್ಬಿಬ್ಬಾದರು. ನಮ್ಮಲ್ಲಿ ಕಟಾ ಅಂದವಾಗಿ ಬರುತ್ತದೆ, ಒಂದೊಂದು ಪಟ್ಟಿನ ಅರ್ಥ ಕೇಳುವವರು ಕಡಿಮೆ. ಇಬ್ಬರು ಪಾಸಾದರು, ಎಸ್ಟೇಟಿನ ಹುಡುಗಿ ಅದರಲ್ಲೊಬ್ಬಳು. ಫೇಲಾದ ಇಬ್ಬರಲ್ಲಿ ಒಬ್ಬ ಮಾಸ್ಟರ್ ಅಣ್ಣನ ಮಗ. ಆರು ತಿಂಗಳು ಬಿಟ್ಟು ಬನ್ನಿ ಎಂದು ಕಾರಣ ಸಹಿತ ಬರೆದುಕೊಟ್ಟರು. ಅಣ್ಣತಮ್ಮಂದಿರ ನಡುವೆ ಕೆಲವು ವಾರ ಮಾತು ನಿಂತಿತ್ತು ಎಂದು ಆಮೇಲೆ ತಿಳಿಯಿತು.

ಸರ್ಟಿಫಿಕೇಟು ಕ್ಲಾಸಿನ ಹೆಸರಿನಲ್ಲೇ ಆಯಿತು. ಯಾವ ಸ್ಟೈಲ್, ಪರೀಕ್ಷಿಸಿದವರು ಯಾರು, ಏನೇನು ಪರೀಕ್ಷೆಯಾಯಿತು ಎಲ್ಲ ಅದರಲ್ಲಿದೆ. ಸಂಸ್ಥೆ ಇದನ್ನು ಒಪ್ಪುವುದಿಲ್ಲ ಎಂದು ಪರೀಕ್ಷೆಗೆ ಮುಂಚೆಯೇ ನಾಲ್ವರ ಮನೆಯವರಿಗೂ ಹೇಳಿ, ತಿಳಿದಿದೆ ಎಂದು ಸಹಿ ತೆಗೆದುಕೊಂಡಿದ್ದೆವು. ಮಗುವಿನ ಬೆಲ್ಟಿಗೆ ಎಲ್ಲಿ ಬೆಲೆಯಿದೆ, ಎಲ್ಲಿ ಇಲ್ಲ ಎಂದು ದುಡ್ಡು ಕಟ್ಟುವ ಮೊದಲೇ ತಿಳಿಯುವುದು ಪೋಷಕರ ಹಕ್ಕು. ಇಷ್ಟು ಮಾಡುವ ಕ್ಲಾಸುಗಳನ್ನು ನಾನು ಹೆಚ್ಚು ಕಂಡಿಲ್ಲ.

ಏನಾಯಿತು

ಐವರ ಪತ್ರಕ್ಕೆ ಡಿಸೆಂಬರಿನಲ್ಲಿ ಉತ್ತರ ಬಂತು. ಹತ್ತು ವರ್ಷ ಕಲಿಸಿದ ಅನುಭವವಿದ್ದವರಿಗೆ ಈಗಿನ ಡ್ಯಾನ್‌ನಲ್ಲೇ ಮಾನ್ಯತೆ ಮುಂದುವರಿಯುತ್ತದೆ. ಮರುನೋಂದಣಿ, ಪಂದ್ಯಕ್ಕೆ ಹೋಗುವ ಮಕ್ಕಳಿಗೆ ಮಾತ್ರ. ಬ್ಲ್ಯಾಕ್ ಬೆಲ್ಟ್ ಬೆಂಗಳೂರಿನಲ್ಲೇ ಎಂಬ ಷರತ್ತು ಹಾಗೇ ಉಳಿಯಿತು. 15,000 ರೂಪಾಯಿಯ ಸೆಮಿನಾರಿನ ಬಗ್ಗೆ ಒಂದಕ್ಷರವಿಲ್ಲ, ಆದರೆ ಅದು ನಡೆಯಲೂ ಇಲ್ಲ. ಅದಕ್ಕೆ ಮುಂಗಡ ಕಟ್ಟಿದ್ದ ಇಬ್ಬರು ತರಬೇತುದಾರರು ಹಣ ವಾಪಸು ಕೇಳುತ್ತಿದ್ದಾರೆ.

ಆ ಆರು ತಿಂಗಳಲ್ಲಿ 64ರಲ್ಲಿ 19 ಮಕ್ಕಳು ಮಾನ್ಯತೆಯ ಬೋರ್ಡಿದ್ದ ಬೇರೆ ಕ್ಲಾಸಿಗೆ ಹೋದರು. ಆ ತಂದೆತಾಯಿಗಳನ್ನು ನಾನು ದೂರುವುದಿಲ್ಲ, ಅವರಿಗೆ ಸಿಕ್ಕ ಮಾಹಿತಿಯೇ ಅಷ್ಟು. ಏಳು ಮಕ್ಕಳು ವಾಪಸು ಬಂದಿದ್ದಾರೆ. ಹುಡುಗಿಗೆ ಕ್ರೀಡಾ ಕೋಟಾ ಸಿಗಲಿಲ್ಲ, ಸಾಮಾನ್ಯ ರ್‍ಯಾಂಕಿನಲ್ಲೇ ಹಾಸನದಲ್ಲಿ ಎಂಜಿನಿಯರಿಂಗ್ ಸೀಟಾಯಿತು. ಶಿತೋ ರ್‍ಯೂ ಮೇಡಂ ಹತ್ತಿರ ಅಭ್ಯಾಸ ಮಾಡುತ್ತಿದ್ದಾಳೆ. ಸ್ಟೈಲ್ ಬೇರೆಯಾದರೂ ಹೋಗು ಎಂದವರು ಮಾಸ್ಟರ್.

ಮಾಸ್ಟರ್ ಈಗಲೂ ಎರಡನೇ ಡ್ಯಾನ್. ಶಿವಮೊಗ್ಗದ ಹಿರಿಯರು, ಬನ್ನಿ, ನಾನು ಪರೀಕ್ಷೆ ಮಾಡಿಯೇ ಮೂರನೆಯದನ್ನು ಕೊಡುತ್ತೇನೆ ಎಂದಿದ್ದಾರೆ. ಮೊಣಕಾಲು ನೋವಿಗೆ ಫಿಸಿಯೋಥೆರಪಿ ಮುಗಿಯಲಿ ಎಂದು ಇವರು ಕಾಯುತ್ತಿದ್ದಾರೆ. ಕೇಳಿದ ಎರಡು ವರ್ಷದ ಲೆಕ್ಕದಲ್ಲಿ ಒಂದು ವರ್ಷದ ಆಡಿಟ್ ವರದಿ ಬಂದಿದೆ. ಇನ್ನೊಂದು ವರ್ಷದ್ದು ಬಂದಿಲ್ಲ, ಐವರ ಸಹಿಯಿರುವ ವಿಚಾರಣೆಯ ಅರ್ಜಿ ಸಿದ್ಧವಾಗಿದೆ. ಮುಂದಿನ ಮಾರ್ಚಿನ ವಾರ್ಷಿಕ ಸಭೆಯವರೆಗೆ ನೋಡಿ, ಆಗಲೂ ಬಾರದಿದ್ದರೆ ಅದನ್ನು ನೋಂದಣಾಧಿಕಾರಿಗಳಿಗೆ ಕೊಡುವುದೆಂದು ತೀರ್ಮಾನವಾಗಿದೆ.